ನಮ್ಮತ್ತೆಗೆ ಬಂದ ಗಿಫ್ಟ್ ಕಾರ್ಡು

ನಮ್ಮತ್ತೆಗೆ ಜೀವನದಲ್ಲಿ ಮೊದಲ ಸಲ ಬಹುಮಾನ ಬಂದದ್ದು ದಪ್ಪಮೆಣಸಿನಕಾಯಿ ಬೆಳೆದದ್ದಕ್ಕೆ. ಬೀಜದ ಕಂಪನಿಯೊಂದು ಹೊಸ ತಳಿಯನ್ನು ಪರೀಕ್ಷಿಸಲು ನಮ್ಮೂರು ಬೈರಕೂರಿನ ಸುತ್ತಮುತ್ತ ಕೆಲವು ಮನೆಗಳಿಗೆ ಸಸಿ ಹಂಚಿತ್ತು. ಮಾವ ಆ ಸಸಿಗಳನ್ನು ನೋಡಿ, ಇವೆಲ್ಲ ಬದುಕಲ್ಲ ಎಂದು ಪಕ್ಕಕ್ಕಿಟ್ಟಿದ್ದರು. ಅತ್ತೆ ಅವನ್ನು ತಾವೇ ಎತ್ತಿಕೊಂಡು ಹೋಗಿ, ಕೊಳವೆಬಾವಿಯ ಪಕ್ಕದ ಪಟ್ಟಿಯಲ್ಲಿ ನೆಟ್ಟು, ಗಿಡಗಿಡಕ್ಕೂ ಕೋಲು ಕಟ್ಟಿ ಸಾಕಿದರು. ಕಾಯಿ ಬಿಟ್ಟ ಮೇಲೆ ಕಂಪನಿಯವರು ಹೊಲದಲ್ಲೇ ಶಾಮಿಯಾನ ಹಾಕಿಸಿ, ಸುತ್ತಲಿನ ರೈತರನ್ನು ಕರೆಸಿ, ಅತ್ತೆಗೆ ಶಾಲು ಹೊದಿಸಿದರು. ಅದರ ಜೊತೆಗೆ ಮಿರಮಿರ ಮಿನುಗುವ ಒಂದು ಲಕೋಟೆ ಕೊಟ್ಟರು. ಅದರೊಳಗೆ ಬಂಗಾರದ ಬಣ್ಣದ ಒಂದು ಕಾರ್ಡಿತ್ತು.

ಅತ್ತೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಇದ್ರಲ್ಲಿ ನನ್ ಫೋಟೋನೇ ಇಲ್ವಲ್ಲ" ಅಂದರು.

ಕಂಪನಿಯ ಪರವಾಗಿ ನಮ್ಮ ಹೋಬಳಿಯಲ್ಲಿ ಓಡಾಡುತ್ತಿದ್ದ ಸೇಲ್ಸ್‌ನವನು ನಕ್ಕು, "ಇದು ಆಧಾರ್ ಅಲ್ಲಮ್ಮ, ಗಿಫ್ಟ್ ಕಾರ್ಡು. ಒಂದು ಒಳ್ಳೆ ರೇಷ್ಮೆ ಸೀರೆ ಬರುವಷ್ಟು ದುಡ್ಡು ಮೊದಲೇ ತುಂಬಿಸಿಟ್ಟಿದ್ದೀವಿ. ಅಂಗಡಿಯಲ್ಲಿ ಮೆಷಿನ್ನಿಗೆ ಹಾಕಿದ್ರೆ ಆಯ್ತು" ಎಂದು ವಿವರಿಸಿದ.

"ಬ್ಯಾಂಕಿನ ಡಬ್ಬಕ್ಕೆ ಹಾಕಿದ್ರೆ ನೋಟು ಬರ್ತೈತಾ?"

"ಬರಲ್ಲಮ್ಮ. ಸಾಮಾನು ಮಾತ್ರ ತಗೋಬೇಕು. ಖಾಲಿಯಾದ ಮೇಲೆ ಮತ್ತೆ ತುಂಬಿಸೋಕೂ ಆಗಲ್ಲ. ಕಳೆದುಹೋದ್ರೆ ಹೋದಂಗೇ. ಮುಂದಿನ ವರ್ಷದೊಳಗೆ ಖರ್ಚು ಮಾಡಿಬಿಡಿ, ಆಮೇಲೆ ನಡೆಯಲ್ಲ."

ಅತ್ತೆ ಕಾರ್ಡನ್ನು ಮತ್ತೊಮ್ಮೆ ತಿರುಗಿಸಿ, "ಅಂದ್ರೆ ದುಡ್ಡು, ಆದ್ರೆ ದುಡ್ಡಲ್ಲ" ಅಂದರು. ಅವನು ಹೌದೆಂದು ತಲೆಯಾಡಿಸಿದ.

ಅಂದು ಸಂಜೆ ನಮ್ಮ ಮನೆಯಲ್ಲಿ ಎಲ್ಲರಿಗೂ ಆ ಕಾರ್ಡಿನದೇ ಚಿಂತೆ. ಔಷಧಿ ಹೊಡೆಯುವ ಪಂಪು ಹಳೆಯದಾಗಿದೆ, ಹೊಸದು ಬರಲಿ ಎಂದು ಮಾವ. ಮಿಕ್ಸಿ ಸದ್ದು ಮಾಡುತ್ತದೆ, ಅದನ್ನು ಬದಲಾಯಿಸೋಣ ಎಂದು ನನ್ನ ಗಂಡ. ನನ್ನ ಮೈದುನ ತರಕಾರಿ ಸಾಗಿಸುವ ಟೆಂಪೊ ಓಡಿಸುತ್ತಾನೆ, ಅವನ ಕಣ್ಣು ಟೈರಿನ ಮೇಲೆ. ಅತ್ತೆ ಎಲ್ಲರ ಮಾತನ್ನೂ ಮುಗಿಯುವವರೆಗೆ ಕೇಳಿ, ಕಾರ್ಡನ್ನು ಎಲೆಅಡಿಕೆ ಚೀಲದೊಳಗೆ ಸೇರಿಸಿ, "ನಂದು ನಾನೇ ತಗೋತೀನಿ" ಎಂದು ಎದ್ದು ಹೋದರು. ಏನು ತೆಗೆದುಕೊಳ್ಳುತ್ತಾರೆಂದು ಹೇಳಲಿಲ್ಲ.

ನಾನು ಆ ಮನೆಗೆ ಸೊಸೆಯಾಗಿ ಬಂದು ಆಗ ಎರಡನೇ ವರ್ಷ. ನನ್ನ ತವರು ಸುಗಟೂರು. ಅಲ್ಲಿ ನಮ್ಮ ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಮಾತಿರಲಿಲ್ಲ. ಬೈರಕೂರಿನ ಮನೆಯಲ್ಲಿ ಸಿಟ್ಟು, ತಮಾಷೆ, ಎಮ್ಮೆಗೆ ಬೈಯುವುದು, ದೇವರಿಗೆ ಬೇಡಿಕೊಳ್ಳುವುದು ಎಲ್ಲ ತೆಲುಗಿನಲ್ಲಿ. ನಾನು ಬಂದ ತಕ್ಷಣ ಅತ್ತೆ ಕನ್ನಡಕ್ಕೆ ಹೊರಳಿಕೊಳ್ಳುತ್ತಿದ್ದರು, ನೆಂಟರಿಗೆ ಚಾಪೆ ಹಾಸಿದ ಹಾಗೆ. ಅವರು ನನ್ನನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದರು. ಆದರೆ ಅಡುಗೆಮನೆಯಲ್ಲಿ ಅವರೂ ಪಕ್ಕದ ಮನೆಯಾಕೆಯೂ ಬಿದ್ದು ಬಿದ್ದು ನಗುವಾಗ ನಾನು ಸುಮ್ಮನೆ ಈರುಳ್ಳಿ ಹೆಚ್ಚುತ್ತಾ ಕೂತಿರುತ್ತಿದ್ದೆ. ಮುಳಬಾಗಿಲಿನ ಒಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದುದರಿಂದ ಹಗಲೆಲ್ಲ ಮನೆಯಲ್ಲೂ ಇರುತ್ತಿರಲಿಲ್ಲ.

ಬಹುಮಾನ ಬಂದ ಮಾರನೆಯ ದಿನ ಎಮ್ಮೆಗೆ ಹಿಂಡಿ ಕಲಸುತ್ತಾ ಅತ್ತೆ ನನ್ನನ್ನು ಕರೆದು, "ಭಾನುವಾರ ನಿಂಗೆ ರಜಾ ಅಲ್ವಾ? ಸ್ಕೂಟರಲ್ಲಿ ನನ್ನ ಕರ್ಕೊಂಡು ಹೋಗ್ತೀಯಾ?" ಎಂದು ಕೇಳಿದರು. ಎಲ್ಲಿಗೆ ಎಂದರೆ, "ಮೆಷಿನ್ ಇರೋ ಕಡೆಗೆ" ಅಂದರು.

ಭಾನುವಾರ ಬೆಳಿಗ್ಗೆ ಹಸಿರು ಅಂಚಿನ ಸೀರೆಯುಟ್ಟು, ಮೈದುನನ ಹೆಲ್ಮೆಟ್ ಹಾಕಿಕೊಂಡು ಅತ್ತೆ ಹಿಂದೆ ಕೂತರು. ಕಾರ್ಡಿನ ಗುಪ್ತ ಸಂಖ್ಯೆ ಲಕೋಟೆಯೊಳಗಿನ ಕಾಗದದಲ್ಲಿ ಬೆಳ್ಳಿಯ ಬಣ್ಣದ ಪಟ್ಟಿಯ ಕೆಳಗಿತ್ತು. ಅದನ್ನು ಉಗುರಿನಿಂದ ಕೆರೆದು ಬಾಯಿಪಾಠ ಮಾಡಿ, ಕಾಗದವನ್ನು ಒಲೆಗೆ ಹಾಕಿಬಿಟ್ಟಿದ್ದರು. ನನಗೂ ಹೇಳಲಿಲ್ಲ. ಯಾರಿಗೂ ಹೇಳಬಾರದೆಂದು ಸೇಲ್ಸ್‌ನವನು ಹೇಳಿದ್ದನಂತೆ.

ಮುಳಬಾಗಿಲಿನಲ್ಲಿ ನಾನು ಸ್ಕೂಟರನ್ನು ನೇರವಾಗಿ ಸೀರೆ ಅಂಗಡಿಯ ಮುಂದೆ ನಿಲ್ಲಿಸಿದೆ. ಅತ್ತೆ ಅದನ್ನು ದಾಟಿಕೊಂಡು ಪಕ್ಕದ ಬೀರು, ಮಂಚ ಮಾರುವ ಅಂಗಡಿಗೆ ಹತ್ತಿದರು.

"ಕನ್ನಡಿ ಐತಾ? ಮುಂದೆ ನಿಂತ್ಕೊಂಡ್ರೆ ತಲೆಯಿಂದ ಕಾಲವರೆಗೂ ಕಾಣ್ಬೇಕು."

ನಾನು ಅವರ ಮುಖ ನೋಡಿದೆ. ನಮ್ಮ ಮನೆಯಲ್ಲಿದ್ದದ್ದು ಕೊಟ್ಟಿಗೆಯ ಕಂಬಕ್ಕೆ ತೂಗುಹಾಕಿದ್ದ ಅಂಗೈಯಗಲದ ಕನ್ನಡಿಯೊಂದೇ. ಅದೂ ಮಾವನ ಗಡ್ಡಕ್ಕೆ ಸರಿಹೊಂದುವ ಎತ್ತರದಲ್ಲಿತ್ತು. ಅತ್ತೆಗೆ ಕನ್ನಡಿ ಬೇಕಿದೆ ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ಅಂಗಡಿಯವನು ಕನ್ನಡಿ ಕೂಡಿಸಿದ ಬೀರು ತೋರಿಸಿದ. ಬೀರು ಬೇಡ, ಕನ್ನಡಿ ಮಾತ್ರ ಸಾಕು ಎಂದರು ಅತ್ತೆ. ಮತ್ತೊಂದು ಅಂಗಡಿಯಲ್ಲಿ ಸುಮಾರಾದ ಒಂದು ಕನ್ನಡಿಯೇನೋ ಇತ್ತು, ಮೆಷಿನ್ ಇರಲಿಲ್ಲ. ಅಲ್ಲಿದ್ದವಳು ಗಲ್ಲಾದ ಮೇಲೆ ಅಂಟಿಸಿದ್ದ ಚೌಕವನ್ನು ತೋರಿಸಿ ಸ್ಕ್ಯಾನ್ ಮಾಡಿ ಅಂದಳು. ಅತ್ತೆ ಕಾರ್ಡನ್ನು ಆ ಚೌಕಕ್ಕೆ ತಗುಲಿಸಿ, ಏನಾದರೂ ಆಗುತ್ತದೆಯೇ ಎಂದು ಕಾದರು. ಅದಕ್ಕೆ ಫೋನೇ ಬೇಕು, ಈ ಕಾರ್ಡಿಗೂ ಅದಕ್ಕೂ ಸಂಬಂಧವಿಲ್ಲ ಎಂದು ನಾನು ತಿಳಿಸಿದೆ. ಬಸ್ ನಿಲ್ದಾಣದ ಬಳಿ ದೋಸೆ ತಿಂದೆವು. ಅಲ್ಲೂ ಅತ್ತೆ ಕಾರ್ಡು ನೀಡಿದರು. ಹೋಟೆಲಿನವನು ಅದನ್ನು ಬೆಳಕಿಗೆ ಹಿಡಿದು ನೋಡಿ, "ಚೆನ್ನಾಗೈತಮ್ಮ" ಎಂದು ಮೆಚ್ಚಿ ವಾಪಸ್ ಕೊಟ್ಟು, ನೋಟು ಇಸಿದುಕೊಂಡ.

"ದೋಸೆಗೂ ಆಗದೇ ಇರೋ ಸಾಹುಕಾರಿಕೆ" ಎಂದು ಅತ್ತೆ ನಕ್ಕರು. ಬೇಸರವಾಗಿರಲಿಲ್ಲ. ಸ್ಕೂಟರಿನ ಮೇಲೆ ಗಾಳಿಗೆ ಹೋಗುವುದು ಅವರಿಗೆ ಹಿಡಿಸಿಬಿಟ್ಟಿತ್ತು. ಶ್ರೀನಿವಾಸಪುರದಲ್ಲಿ ದೊಡ್ಡ ಶೋರೂಮಿದೆ ಎಂದು ಹೋಟೆಲಿನಲ್ಲಿ ಯಾರೋ ಹೇಳಿದ್ದೇ ತಡ, "ಪದ, ಪೋದಾಂ" ಅಂದರು. ನಡಿ ಹೋಗೋಣ ಅನ್ನುವಷ್ಟು ತೆಲುಗು ನನಗೂ ಬರುತ್ತಿತ್ತು.

ಅದು ಮಾವಿನ ಕಾಲ. ಶ್ರೀನಿವಾಸಪುರದ ದಾರಿಯ ಎರಡೂ ಬದಿಯ ತೋಪುಗಳಲ್ಲಿ ಕಾಯಿ ಕೀಳುತ್ತಿದ್ದರು. ಹುಲ್ಲು ಹಾಸಿದ ಕ್ರೇಟುಗಳು ರಸ್ತೆಯವರೆಗೂ ಬಂದಿದ್ದವು. ಶೋರೂಮಿನಲ್ಲಿ ಏಸಿ ಇತ್ತು, ಮೆಷಿನ್ನೂ ಇತ್ತು. ಕನ್ನಡಿ ಮಾತ್ರ ಡ್ರೆಸ್ಸಿಂಗ್ ಟೇಬಲಿನದು. ಅತ್ತೆ ಅದರ ಮುಂದೆ ನೆಟ್ಟಗೆ ನಿಂತರು. ಹೊಟ್ಟೆಯಿಂದ ಕತ್ತಿನವರೆಗೆ ಕಾಣಿಸಿತು.

"ಇದ್ರಲ್ಲಿ ನನ್ ತಲೇನೇ ಇಲ್ವಲ್ಲಪ್ಪ."

"ಕೂತ್ಕೊಂಡು ನೋಡ್ಕೋಬೇಕಮ್ಮ" ಅಂದ ಅಂಗಡಿಯವನು.

"ಕೂತ್ರೆ ಕಾಲು ಕಾಣಲ್ಲ."

ನಾನು ಕಾರ್ಡಿನಲ್ಲಿ ಎಷ್ಟಿದೆ ಎಂದು ನೋಡಿ ಹೇಳಲು ಕೇಳಿದೆ. ಹಾಗೆ ನೋಡಲು ತಮ್ಮ ಮೆಷಿನ್ನಿನಲ್ಲಿ ಬರುವುದಿಲ್ಲ, ಏನಾದರೂ ಕೊಂಡರೆ ಕಾರ್ಡು ನಡೆಯುತ್ತದೋ ಇಲ್ಲವೋ ಎಂಬುದಾದರೂ ಗೊತ್ತಾಗುತ್ತದೆ ಎಂದ. ಅತ್ತೆ ಅಂಗಡಿಯನ್ನೆಲ್ಲ ಸುತ್ತಿ ಬಂದು ಒಂದು ಟಿಫಿನ್ ಡಬ್ಬಿಯನ್ನು ಗಲ್ಲಾದ ಮೇಲಿಟ್ಟರು. ನನ್ನ ಡಬ್ಬಿಯಿಂದ ಸಾರು ಸೋರಿ ಚೀಲವೆಲ್ಲ ಒದ್ದೆಯಾಗುವುದನ್ನು ಅವರು ಗಮನಿಸಿದ್ದರು. ನಾನು ಅದನ್ನು ಯಾರಿಗೂ ಹೇಳಿರಲಿಲ್ಲ.

ಸಂಖ್ಯೆ ಒತ್ತುವಾಗ ಸೆರಗನ್ನು ಮೆಷಿನ್ನಿನ ಮೇಲೆ ಪೂರ್ತಿ ಹೊದಿಸಿ, ತಲೆಯನ್ನೂ ಅದರೊಳಗೆ ತೂರಿಸಿದರು. ಮಗುವಿನ ತೊಟ್ಟಿಲಿಗೆ ಬಗ್ಗಿದ ಹಾಗಿತ್ತು. ಮೆಷಿನ್ನು ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಚೀಟಿಯನ್ನು ಹೊರಗೆ ತಳ್ಳಿತು.

"ಕೇಳ್ತು ಕಣೇ, ನನ್ ಮಾತು ಕೇಳ್ತು" ಎಂದು ನನ್ನ ಕೈ ಹಿಡಿದುಕೊಂಡರು.

ನಾವು ಮೆಟ್ಟಿಲಿಳಿಯುವಷ್ಟರಲ್ಲಿ ನನ್ನ ಫೋನಿಗೆ ಬೀಜದ ಕಂಪನಿಯ ಸೇಲ್ಸ್‌ನವನ ಕರೆ ಬಂತು. ಬಹುಮಾನದ ಕಾರ್ಯಕ್ರಮಕ್ಕೆಂದು ನನ್ನ ನಂಬರು ತೆಗೆದುಕೊಂಡಿದ್ದ. "ಮೇಡಂ, ಅಮ್ಮಾವ್ರು ಶ್ರೀನಿವಾಸಪುರದ ಶೋರೂಮಲ್ಲಿ ಏನಾದ್ರೂ ತಗೊಂಡ್ರಾ?" ಎಂದು ಕೇಳಿದ. ಕಾರ್ಡು ಮಾಡಿಸುವಾಗ ತನ್ನ ಫೋನ್ ನಂಬರನ್ನೇ ಕೊಟ್ಟಿದ್ದನಂತೆ. ನಾವು ಖರ್ಚು ಮಾಡಿದಾಗಲೆಲ್ಲ ಅಂಗಡಿಯ ಹೆಸರಿನ ಸಮೇತ ಸಂದೇಶ ಅವನಿಗೆ ಹೋಗುತ್ತಿತ್ತು. ಆನ್‌ಲೈನಿನಲ್ಲಿ ಕನ್ನಡಿ ತರಿಸಿಬಿಡೋಣ ಎಂದು ನಾನು ಮನಸ್ಸಿನಲ್ಲೇ ಹಾಕಿಕೊಂಡಿದ್ದ ಲೆಕ್ಕವೂ ಅಲ್ಲಿಗೆ ಮುಗಿಯಿತು. ಅದಕ್ಕೆ ಬೇಕಾದ ಒಟಿಪಿ ಕೂಡ ಅವನ ಫೋನಿಗೇ ಬರುತ್ತಿತ್ತು. ಅತ್ತೆಗೆ ಇದು ತಮಾಷೆಯಾಗಿ ಕಂಡಿತು. ಫೋನು ಕಿತ್ತುಕೊಂಡು, "ಡಬ್ಬಿ ನನ್ ಸೊಸೆಗೆ ಕಣಪ್ಪ, ನಿಂಗಲ್ಲ" ಅಂದರು.

ವಾಪಸ್ ಬರುವಾಗ ಒಂದು ತೋಪಿನ ಬೇಲಿಯ ಬಳಿ ಹಣ್ಣು ಮಾರುತ್ತಿದ್ದ ಮುದುಕನ ಹತ್ತಿರ ಹಣ್ಣು ಕೊಂಡು, ಮರದ ಕೆಳಗೆ ಕೂತು ತಿಂದೆವು. ಮೊಣಕೈವರೆಗೆ ರಸ ಇಳಿಸಿಕೊಂಡು ತಿನ್ನುತ್ತಿದ್ದ ಅತ್ತೆಯನ್ನು ಕೇಳಿದೆ, ಕನ್ನಡಿ ಯಾಕೆ ಎಂದು.

ಕನ್ನಡದಲ್ಲಿ ಶುರು ಮಾಡಿದರು. ಮದುವೆಗೆ ಮುಂಚೆ ಜೋಡಿಯಾಗಿ ಫೋಟೋ ತೆಗೆಸಲು ಅವರನ್ನೂ ಮಾವನನ್ನೂ ಮುಳಬಾಗಿಲಿನ ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದರಂತೆ. ಒಳಗೆ ಗೋಡೆಯಷ್ಟು ಎತ್ತರದ ಕನ್ನಡಿಯಿತ್ತು. ಅದರ ಮುಂದೆ ನಿಂತು ತಮ್ಮನ್ನು ಪೂರ್ತಿಯಾಗಿ ನೋಡಿಕೊಳ್ಳುವಷ್ಟರಲ್ಲಿ ಚಿಕ್ಕಮ್ಮ ಕೈ ಹಿಡಿದು ಎಳೆದು, ಬಾ, ಆಮೇಲೆ ನೋಡಿಕೊಳ್ಳುವಿಯಂತೆ ಅಂದರಂತೆ. ಇಷ್ಟು ಹೇಳುವಷ್ಟರಲ್ಲಿ ಅವರಿಗೇ ಗೊತ್ತಿಲ್ಲದೆ ಮಾತು ತೆಲುಗಿಗೆ ಜಾರಿತ್ತು. ಆ ಚಿಕ್ಕಮ್ಮ ನಡೆಯುತ್ತಿದ್ದ ರೀತಿ, ಫೋಟೋದವನು ನಗು ನಗು ಎಂದು ಬೇಡಿಕೊಂಡದ್ದು, ಮಾವ ಕ್ಯಾಮರಾ ನೋಡಿ ಉಸಿರು ಬಿಗಿಹಿಡಿದು ಕೆಂಪಾದದ್ದು ಎಲ್ಲವನ್ನೂ ಕೂತಲ್ಲೇ ಆಡಿ ತೋರಿಸಿದರು. ನನಗೆ ಅರ್ಧ ಮಾತು ತಿಳಿಯಲಿಲ್ಲ. ಆದರೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ನಾನು ನಗುವುದನ್ನು ನೋಡಿ ಅವರು ಇನ್ನಷ್ಟು ಹೇಳಿದರು.

"ಆವತ್ತಿನಿಂದ ಸೀರೆ ಉಟ್ಟಾಗೆಲ್ಲ ಇನ್ನೊಬ್ಬರನ್ನೇ ಕೇಳ್ಬೇಕು, ಹಿಂದೆ ಸರಿಯಾಗಿ ಇಳಿದೈತಾ, ನೆರಿಗೆ ನೆಟ್ಟಗೈತಾ ಅಂತ. ಅವರು ಸರಿಯಾಗೈತೆ ಅಂದ್ರೆ ಸರಿ" ಎಂದು ಕೊನೆಗೆ ಕನ್ನಡದಲ್ಲೇ ಹೇಳಿ, ಸೀರೆಗೆ ರಸ ತಾಗದ ಹಾಗೆ ಕೈ ತೊಳೆದುಕೊಂಡರು.

ಅಂದಿನಿಂದ ಕನ್ನಡಿ ಹುಡುಕುವುದು ಅವರೊಬ್ಬರ ಕೆಲಸವಾಗಿ ಉಳಿಯಲಿಲ್ಲ. ಮಾಲೂರಿನಲ್ಲಿರುವ ನನ್ನ ಅಕ್ಕನಿಗೆ ಫೋನ್ ಮಾಡಿದೆ. ಅಲ್ಲಿ ಹೊಸ ಮನೆಗಳಿಗೆ ಕಿಟಕಿಯ ಗಾಜು ಕತ್ತರಿಸಿಕೊಡುವ ಅಂಗಡಿಯಿದೆ, ಹೇಳಿದ ಅಳತೆಗೆ ಕನ್ನಡಿ ಮಾಡಿಕೊಡುತ್ತಾರೆ ಎಂದಳು. ನನ್ನ ಅದೃಷ್ಟಕ್ಕೆ ಮುಂದಿನ ಭಾನುವಾರ ಮೈದುನನಿಗೂ ಮಾಲೂರಿನಲ್ಲೇ ಕೆಲಸವಿತ್ತು. ನಮ್ಮೂರಿನವರೊಬ್ಬರ ದನದ ಕೊಟ್ಟಿಗೆಗೆ ಅಲ್ಲಿಂದ ಹೆಂಚು ತರಬೇಕಿತ್ತು. ಬೆಳಿಗ್ಗೆ ಕೋಲಾರದ ಮಾರುಕಟ್ಟೆಗೆ ಟೊಮೆಟೊ ಇಳಿಸಿ, ಅಲ್ಲಿಂದ ಹಾಗೇ ಮಾಲೂರಿಗೆ ಹೋಗುವುದೆಂದು ಮಾತಾಯಿತು. ನಾವಿಬ್ಬರೂ ಟೆಂಪೊದ ಮುಂದಿನ ಸೀಟಿನಲ್ಲಿ ಅವನ ಪಕ್ಕ ಕೂತೆವು.

ಹೆದ್ದಾರಿಯಲ್ಲಿ ಟೋಲ್ ಗೇಟಿನ ಹತ್ತಿರ ಟೆಂಪೊ ನಿಧಾನವಾಯಿತು. ಗಾಜಿಗೆ ಅಂಟಿಸಿದ ಸ್ಟಿಕ್ಕರನ್ನು ಯಂತ್ರ ತಾನೇ ನೋಡಿಕೊಂಡು ಅಡ್ಡಕಂಬ ಎತ್ತಿತು. ಅತ್ತೆ ವಿಚಾರಿಸಿದರು. ಇದರಲ್ಲೂ ಮೊದಲೇ ದುಡ್ಡು ತುಂಬಿಸಿರುತ್ತೇವೆ, ಗೇಟಿಗೆ ಬಂದಾಗ ಕಟ್ ಆಗುತ್ತದೆ ಎಂದು ಮೈದುನ ಹೇಳಿದ.

"ನಿಂದೇ ವಾಸಿ ಕಣೋ. ಯಾರೂ ಏನೂ ಕೇಳಲ್ಲ, ಬಾಗಿಲು ತೆಗೀತಾರೆ."

"ತುಂಬಿಸೋದು ಮರೆತ್ರೆ ಗೊತ್ತಾಗುತ್ತಮ್ಮ. ಹಿಂದಿನ ಲಾರಿಯೋರೆಲ್ಲ ಹಾರನ್ನು ಹೊಡೀತಾರೆ" ಅಂದ ಅವನು.

ಕೋಲಾರದಲ್ಲಿ ಟೊಮೆಟೊ ಇಳಿಸುವ ಹೊತ್ತಿಗೆ ನಾವು ಒಂದು ಪೀಠೋಪಕರಣದ ಅಂಗಡಿಯನ್ನೂ ನೋಡಿಬಂದೆವು. ಅಲ್ಲಿ ಉದ್ದನೆಯ ಕನ್ನಡಿಯೂ ಇತ್ತು, ಮೆಷಿನ್ನೂ ಇತ್ತು. ಕನ್ನಡಿಯ ಬೆಲೆ ಮಾತ್ರ ಕಾರ್ಡಿನಲ್ಲಿದ್ದದ್ದಕ್ಕಿಂತ ಬಹಳ ಹೆಚ್ಚು. ಸುತ್ತ ಬಲ್ಬುಗಳೆಲ್ಲ ಇದ್ದವು. ನಾಟಕದವರಿಗೆ ಸರಿ ಎಂದು ಅತ್ತೆ ಹೊರಟರು.

ಮಾಲೂರಿನ ಗಾಜಿನಂಗಡಿ ಒಂದು ಉದ್ದನೆಯ ಶೆಡ್ಡು. ಮೈದುನ ನಮ್ಮನ್ನು ಅಲ್ಲಿ ಇಳಿಸಿ ಹೆಂಚು ತರಲು ಹೋದ. ಮಾಲೀಕ ಮೇಜಿನ ಮೇಲೆ ಗಾಜು ಹಾಸಿಕೊಂಡು, ಪೆನ್ನಿನಂಥ ಉಪಕರಣದಿಂದ ಸರ್ರೆಂದು ಗೀರು ಎಳೆಯುತ್ತಿದ್ದರು. ಅವರ ಹೆಂಡತಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಹೂ ಕಟ್ಟುತ್ತಿದ್ದರು. ಒಳಗೆ ಎರಡೂ ಗೋಡೆಗಳಿಗೆ ಸಾಲಾಗಿ ಕನ್ನಡಿಗಳನ್ನು ಒರಗಿಸಿಟ್ಟಿದ್ದರು.

ಅತ್ತೆ ಒಳಗೆ ಕಾಲಿಟ್ಟವರು ಹಾಗೇ ನಿಂತುಬಿಟ್ಟರು. ಎಡಕ್ಕೂ ಬಲಕ್ಕೂ ಅತ್ತೆಯರೇ. ಮುಂದಿನಿಂದ, ಪಕ್ಕದಿಂದ, ಬೆನ್ನ ಕಡೆಯಿಂದ. ಅವರು ಕೈ ಎತ್ತಿ ಸೆರಗು ಸರಿಮಾಡಿಕೊಂಡರೆ ಅಷ್ಟೂ ಜನ ಸೆರಗು ಸರಿಮಾಡಿಕೊಂಡರು. ಅಳುತ್ತಾರೇನೋ ಎಂದು ನಾನು ಹತ್ತಿರ ಹೋದೆ.

"ನಾನು ಕುಳ್ಳಿ ಅಂದ್ಕೊಂಡಿದ್ದೆ" ಅಂದರು ಮೆಲ್ಲಗೆ. "ಎಲ್ಲಿ ಕುಳ್ಳಿ? ನೋಡು, ನಿನ್ನಷ್ಟೇ ಇದ್ದೀನಿ."

ನಾನು ಅವರ ಪಕ್ಕದಲ್ಲಿ ನಿಂತೆ. ನಿಜವಾಗಿಯೂ ನನ್ನಷ್ಟೇ ಇದ್ದರು. ಮಾವ ಬಹಳ ಎತ್ತರದ ಆಳು. ಅವರ ಪಕ್ಕದಲ್ಲಿ ಇಷ್ಟು ವರ್ಷ ನಿಂತು ಅತ್ತೆ ತಮ್ಮನ್ನು ಗಿಡ್ಡವೆಂದೇ ನಂಬಿಕೊಂಡಿದ್ದರು.

ತೇಗದ ಚೌಕಟ್ಟಿನ ಒಂದು ಕನ್ನಡಿಯನ್ನು ಆರಿಸಿಕೊಂಡರು. ಬೆಲೆ ಕಾರ್ಡಿನಲ್ಲಿದ್ದದ್ದಕ್ಕೆ ಸರಿಹೋಗುವಂತಿತ್ತು. ಅತ್ತೆ ಎಲೆಅಡಿಕೆ ಚೀಲದಿಂದ ಕಾರ್ಡು ತೆಗೆದು ಕೊಟ್ಟರು. ಮಾಲೀಕರು ಕನ್ನಡಕ ಹಣೆಗೇರಿಸಿ, "ಮೆಷಿನ್ ಇಲ್ಲವಲ್ಲಮ್ಮ. ನಮ್ಮದು ಫೋನು, ಇಲ್ಲಾಂದ್ರೆ ಕ್ಯಾಶು" ಅಂದರು.

ನಾನು ತಕ್ಷಣ ಫೋನು ತೆಗೆದೆ. "ನಾನು ಕೊಟ್ಬಿಡ್ತೀನಿ ಅತ್ತೆ. ಆ ಕಾರ್ಡಲ್ಲಿ ಮನೆಗೆ ಬೇಕಾದ ದಿನಸಿ ತಂದ್ರಾಯ್ತು, ಎರಡೂ ಒಂದೇ ಅಲ್ವಾ?"

"ಒಂದೇ ಅಲ್ಲ" ಅಂದರು. ಸಿಟ್ಟಿನಿಂದಲ್ಲ, ಪಾಠ ಹೇಳುವವರಂತೆ. "ದಿನಸಿ ಹೆಂಗೂ ಬರ್ತೈತೆ. ಇದು ನಾನು ಬೆಳೆದ ಮೆಣಸಿನಕಾಯಿದು. ಕನ್ನಡಿ ಅದರದೇ ಆಗ್ಬೇಕು."

ಅಷ್ಟರಲ್ಲಿ ಬಾಗಿಲ ಬಳಿ ಹೂ ಕಟ್ಟುತ್ತಿದ್ದ ಮಾಲೀಕರ ಹೆಂಡತಿ ತೆಲುಗಿನಲ್ಲಿ ಕೇಳಿದರು, ಏನು ಮೆಣಸಿನಕಾಯಿ, ಏನು ಕಾರ್ಡು ಎಂದು. ಅತ್ತೆಯ ಮುಖ ಅರಳಿತು. ಪಕ್ಕದ ಸ್ಟೂಲಿನ ಮೇಲೆ ಕೂತು ಮೊದಲಿನಿಂದ ಎಲ್ಲ ಹೇಳಿದರು. ಸಸಿ, ಶಾಮಿಯಾನ, ಶ್ರೀನಿವಾಸಪುರದ ತಲೆಯಿಲ್ಲದ ಕನ್ನಡಿ, ಡಬ್ಬಿ ಕೊಂಡೊಡನೆ ಫೋನ್ ಮಾಡಿದ ಸೇಲ್ಸ್‌ನವನು. ಆಕೆ ಹೂ ಬದಿಗಿಟ್ಟು ನಕ್ಕರು. ಆಮೇಲೆ ಗಂಡನ ಕಡೆ ತಿರುಗಿ, "ಮಗಳ ಸೀಮಂತಕ್ಕೆ ನಾಳೆ ಸಾಮಾನು ತರ್ಬೇಕು ಅಂತಿದ್ರಲ್ಲ. ರಸ್ತೆ ಆಚೆ ಸೂಪರ್ ಮಾರ್ಕೆಟ್ಟಲ್ಲಿ ಮೆಷಿನ್ ಐತೆ. ನಮ್ಮ ಸಾಮಾನಿಗೆ ಇವರ ಕಾರ್ಡು, ಇವರಿಗೆ ನಮ್ಮ ಕನ್ನಡಿ. ಸರಿಹೋಯ್ತಲ್ಲ" ಅಂದರು.

ಮಾಲೀಕರು ಗೀರು ಎಳೆದಿದ್ದ ಗಾಜನ್ನು ಟಕ್ಕೆಂದು ಮುರಿದರು. "ಕನ್ನಡಿ ಬೆಲೆಗಿಂತ ಜಾಸ್ತಿ ತಗೋಬೇಡ ಮತ್ತೆ" ಎಂದಷ್ಟೇ ಹೇಳಿ ಕೆಲಸಕ್ಕೆ ಬಗ್ಗಿದರು.

ಅತ್ತೆ ನನ್ನತ್ತ ನೋಡಿದರು. ಈ ವ್ಯವಹಾರ ಅವರಿಗೆ ಒಪ್ಪಿಗೆಯಾಗಿತ್ತು. ಕಾರ್ಡು ಅವರ ಕೈಯಿಂದಲೇ ಹೋಗುತ್ತಿತ್ತು, ಕನ್ನಡಿ ಅದಕ್ಕೇ ಬರುತ್ತಿತ್ತು.

ಸೂಪರ್ ಮಾರ್ಕೆಟ್ಟಿನಲ್ಲಿ ಅವರಿಬ್ಬರ ಹಿಂದೆ ಬುಟ್ಟಿ ಹಿಡಿದು ನಡೆದದ್ದು ನನಗೆ ಇಂದಿಗೂ ಸಂತೋಷದ ನೆನಪು. ಒಂದು ಗಂಟೆಯ ಹಿಂದೆ ಪರಸ್ಪರ ಗೊತ್ತೇ ಇಲ್ಲದ ಇಬ್ಬರು ಹೆಂಗಸರು, ಕಾಣದ ಒಬ್ಬ ಬಸುರಿಗಾಗಿ ಗೋಡಂಬಿ ಮುರಿದು ನೋಡುತ್ತಿದ್ದರು. ಈ ಬೆಲ್ಲ ಬೇಡ, ಪುಡಿಯಾಗುತ್ತದೆ ಎಂದು ಒಬ್ಬರು. ತುಪ್ಪ ಇದು ಸಾಲದು, ಚಿಗಳಿ ಉಂಡೆಗೆ ಎಳ್ಳು ಎಲ್ಲಿ ಎಂದು ಇನ್ನೊಬ್ಬರು. ಬಂದವರಿಗೆ ಕೊಡಲು ಸ್ಟೀಲಿನ ತಟ್ಟೆಗಳನ್ನು ಆರಿಸುವಾಗ ಅತ್ತೆ ಪ್ರತಿಯೊಂದನ್ನೂ ಬೆರಳಿನಿಂದ ಬಡಿದು ಸದ್ದು ಕೇಳಿಸಿಕೊಂಡರು. ಮಗಳಿಗೆ ಹುಳಿ ತಿನ್ನುವ ಆಸೆಯೋ, ಸಿಹಿಯೋ ಎಂದು ವಿಚಾರಿಸಿದರು. ಹುಳಿ ಎಂದಾಗ ಉಪ್ಪಿನಕಾಯಿಯ ಜಾಡಿಯನ್ನು ಬುಟ್ಟಿಗೆ ಹಾಕಲು ಹೋಗಿ, "ಅಂಗಡೀದು ಬೇಡ, ನಾನೇ ಹಾಕಿ ಕಳಿಸ್ತೀನಿ" ಎಂದು ವಾಪಸ್ ಇಟ್ಟರು.

ಗಲ್ಲಾದಲ್ಲಿ ಸರದಿಯಿತ್ತು. ಅತ್ತೆ ಸೆರಗು ಹೊದಿಸಿ ಮೆಷಿನ್ನಿಗೆ ಬಗ್ಗಿದಾಗ ಹಿಂದೆ ನಿಂತವರು ತಾವಾಗಿಯೇ ಬೇರೆ ಕಡೆ ತಿರುಗಿಕೊಂಡರು. ಮೊದಲ ಸಲ ನೆಟ್‌ವರ್ಕ್ ಇಲ್ಲ ಎಂದಿತು. ಗಲ್ಲಾದ ಹುಡುಗಿ ಮೆಷಿನ್ನನ್ನು ಕಿಟಕಿಯ ಬಳಿಗೆ ಒಯ್ದು ಮೇಲಕ್ಕೆ ಎತ್ತಿ ಹಿಡಿದಳು. ಅತ್ತೆಯೂ ಅವಳ ಹಿಂದೆಯೇ ಹೋಗಿ, ತುದಿಗಾಲಲ್ಲಿ ನಿಂತು ಸಂಖ್ಯೆ ಒತ್ತಿದರು. ಚೀಟಿ ಬಂತು. ಮಾಲೀಕರ ಹೆಂಡತಿ ಎರಡೂ ಕೈಗಳನ್ನು ತಟ್ಟಿದರು.

ಕಾರ್ಡಿನಲ್ಲಿ ಇನ್ನೂ ಚೂರುಪಾರು ಉಳಿದಿತ್ತು. ಅದನ್ನು ಚಿಲ್ಲರೆಯಾಗಿ ಕೊಡಿ ಎಂದರೆ ಹಾಗೆ ಆಗುವುದಿಲ್ಲ ಎಂದಳು ಹುಡುಗಿ. ಅತ್ತೆ ಒಂದು ಚಿಕ್ಕ ಏಲಕ್ಕಿ ಪೊಟ್ಟಣ ತಂದು, ಅದನ್ನೂ ಕಾರ್ಡಿನಲ್ಲೇ ಕೊಂಡು, ಬಸುರಿಯ ಚೀಲಕ್ಕೆ ಹಾಕಿದರು. "ಇದು ಲೆಕ್ಕಕ್ಕಿಲ್ಲ, ನಂದು" ಅಂದರು.

ಮೈದುನ ಹೆಂಚು ತುಂಬಿಕೊಂಡು ಬರುವಷ್ಟರಲ್ಲಿ ನನ್ನ ಅಕ್ಕ ಹಳೆಯ ಕೌದಿಗಳನ್ನು ಗಾಜಿನಂಗಡಿಗೇ ತಂದುಕೊಟ್ಟಳು. ಕನ್ನಡಿಯ ಬೆನ್ನಿಗೂ ಅಂಚಿಗೂ ಅವನ್ನು ಸುತ್ತಿ, ಟೆಂಪೊದಲ್ಲಿ ಹೆಂಚಿನ ಸಾಲಿಗೂ ಖಾಲಿ ಕ್ರೇಟುಗಳಿಗೂ ನಡುವೆ ನಿಲ್ಲಿಸಿ ಹಗ್ಗ ಬಿಗಿದರು. ಅದರ ಮುಖ ಹಿಂದಿನ ರಸ್ತೆಯ ಕಡೆಗಿತ್ತು. ಅತ್ತೆ ಮುಂದಿನ ಸೀಟಿಗೆ ಬರಲು ಒಪ್ಪಲಿಲ್ಲ. ಕನ್ನಡಿಯ ಪಕ್ಕದಲ್ಲೇ ಕ್ರೇಟು ಮಗುಚಿಕೊಂಡು ಕೂತರು. ಅವರನ್ನು ಒಬ್ಬರನ್ನೇ ಬಿಡಲಾಗದೆ ನಾನೂ ಹತ್ತಿದೆ. ಮೈದುನ ನಮಗಾಗಿ ಎಂದಿಲ್ಲದಷ್ಟು ನಿಧಾನವಾಗಿ ಓಡಿಸಿದ.

ದಾರಿಯುದ್ದಕ್ಕೂ ಹಿಂದೆ ಬರುವವರೆಲ್ಲ ಆ ಕನ್ನಡಿಯಲ್ಲಿ ತಮ್ಮನ್ನು ನೋಡಿಕೊಂಡರು. ಬೈಕಿನಲ್ಲಿ ಬರುತ್ತಿದ್ದ ಗಂಡಹೆಂಡಿರು ಕೋಲಾರ ದಾಟುವವರೆಗೂ ನಮ್ಮನ್ನು ಹಿಂದಿಕ್ಕಲೇ ಇಲ್ಲ. ಹಿಂದೆ ಕೂತಿದ್ದಾಕೆ ಗಂಡನ ಹೆಗಲ ಮೇಲಿಂದ ಇಣುಕಿ ಮುಡಿಯ ಹೂವನ್ನು ಮುಂದಕ್ಕೆ ಎಳೆದುಕೊಂಡಳು, ಗಂಡ ಅವಳನ್ನು ಕನ್ನಡಿಯಲ್ಲಿ ನೋಡಿ ನಕ್ಕ. ಅತ್ತೆ ಅವಳಿಗೆ ಚೆನ್ನಾಗಿದೆ ಎಂದು ಕೈಸನ್ನೆ ಮಾಡಿದರು. ದೇವರಾಯಸಮುದ್ರದ ಕೆರೆಯ ಹತ್ತಿರ ಇಳಿಬಿಸಿಲಿನಲ್ಲಿ ನೀರು ಕನ್ನಡಿಯೊಳಗೆ ಒಂದು ಕ್ಷಣ ಹೊಳೆದು ಮರೆಯಾಯಿತು.

ಮನೆಯ ಮುಂದೆ ಟೆಂಪೊ ನಿಂತಾಗ ಮಾವ ಹೊರಗೆ ಬಂದರು. ಕೌದಿ ಸುತ್ತಿದ ಉದ್ದನೆಯ ವಸ್ತುವಿನ ಬೆನ್ನನ್ನಷ್ಟೇ ನೋಡಿ, "ಏನಿದು? ಪಂಪು ಇಷ್ಟುದ್ದ ಇರ್ತೈತಾ?" ಎಂದರು.

"ಪಂಪು ಬೇಕಂದ್ರೆ ಮುಂದಿನ ಸಲ ನೀವು ಬಹುಮಾನ ತಗೊಳ್ಳಿ" ಎಂದು ಅತ್ತೆ ಒಳಗೆ ನಡೆದರು.

ನಡುಮನೆಯ ಗೋಡೆಗೆ ಕನ್ನಡಿ ನಿಲ್ಲಿಸುವಷ್ಟರಲ್ಲಿ ಬೀದಿಯ ಹೆಂಗಸರು ನೆರೆದಿದ್ದರು. ಒಬ್ಬೊಬ್ಬರೇ ಬಂದು ನಿಂತು, ತಿರುಗಿ, ಬೆನ್ನು ನೋಡಿಕೊಂಡು ಹೋದರು. ಪಕ್ಕದ ಮನೆಯಾಕೆ ತಾನು ಇಷ್ಟು ದಪ್ಪಗಿರುವುದನ್ನು ಯಾರೂ ಹೇಳಲೇ ಇಲ್ಲವಲ್ಲ ಎಂದು ತೆಲುಗಿನಲ್ಲಿ ದೂರಿದಳು. ಅದಕ್ಕೆ ನಾನು ನನ್ನ ಹರಕು ತೆಲುಗಿನಲ್ಲೇ, ಹೇಳಿದ್ದರೆ ಹಬ್ಬಹಬ್ಬಕ್ಕೂ ನಮಗೆ ನೀನು ಹೋಳಿಗೆ ಕೊಡುತ್ತಿದ್ದೆಯಾ ಎಂದೆ. ಒಂದು ಕ್ಷಣ ಎಲ್ಲರೂ ನನ್ನನ್ನೇ ನೋಡಿದರು. ಮೊದಲು ನಕ್ಕವರು ಅತ್ತೆ. ಆಮೇಲೆ ಇಡೀ ನಡುಮನೆ ನಕ್ಕಿತು.

ಸೀಮಂತಕ್ಕೆ ನಮ್ಮನ್ನೂ ಕರೆದಿದ್ದರು. ಮಾತು ಕೊಟ್ಟಂತೆ ಅತ್ತೆ ಮಾವಿನಕಾಯಿ ಉಪ್ಪಿನಕಾಯಿ ಹಾಕಿ, ಜಾಡಿಯ ಬಾಯಿಗೆ ಬಿಳಿಬಟ್ಟೆ ಕಟ್ಟಿ, ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಮಾಲೂರಿಗೆ ಬಂದರು. ಮಾವನೂ ಬಂದಿದ್ದರು. ಬಸುರಿ ಹುಡುಗಿ ಹಸಿರು ಸೀರೆಯಲ್ಲಿ ಕುರ್ಚಿಯ ಮೇಲೆ ಕೂತಿದ್ದಳು. ಅವಳ ಕೈಗೆ ಬಳೆ ತೊಡಿಸುವಾಗ, ಯಾರೂ ಕೇಳದೆಯೇ, ಅತ್ತೆ ತೆಲುಗಿನಲ್ಲಿ ಒಂದು ಹಾಡು ಎತ್ತಿಕೊಂಡರು. ಅವರು ಹಾಡುತ್ತಾರೆ ಎಂಬುದೇ ನನಗೆ ಗೊತ್ತಿರಲಿಲ್ಲ. ಮಾವನ ಕಡೆ ನೋಡಿದೆ. ಅವರು ಕಂಬಕ್ಕೆ ಒರಗಿ ನಿಂತು, ಪ್ರತಿ ಸಾಲಿನ ಕೊನೆಗೂ ತುಟಿಯಾಡಿಸುತ್ತಿದ್ದರು. ಗಾಜಿನಂಗಡಿಯ ಮಾಲೀಕರು ನಮ್ಮೆಲ್ಲರಿಗೂ ಎರಡೆರಡು ಸಲ ಪಾಯಸ ಬಡಿಸಿದರು. ಹುಡುಗಿ ಮಾತ್ರ ಊಟದ ಎಲೆಯನ್ನು ಹಾಗೇ ಬಿಟ್ಟು, ಜಾಡಿಯ ಬಟ್ಟೆ ಬಿಚ್ಚಿ ಮಾವಿನ ಹೋಳು ಚೀಪುತ್ತಾ ಕೂತಿದ್ದಳು.